ತಿಂದದ್ದರಲ್ಲಿ ಅತಿಸಂಸ್ಕರಿತ ಆಹಾರದ ಪಾಲೆಷ್ಟು: ಆ ಲೆಕ್ಕ ಬರುವುದು ಹೇಗೆ?

ಪ್ರಶ್ನೆ: ಅಮೆರಿಕದ ಜನರಿಗೆ ಸಿಗುವ ಕ್ಯಾಲೊರಿಯಲ್ಲಿ ಶೇಕಡಾ 55 ಭಾಗ ಅತಿಸಂಸ್ಕರಿತ ಆಹಾರದಿಂದ ಬರುತ್ತದೆ ಎಂದು ಓದಿದೆ. ಇಷ್ಟು ಖಚಿತವಾದ ಸಂಖ್ಯೆಯನ್ನು ಹೇಗೆ ಅಳೆಯುತ್ತಾರೆ? ನಿನ್ನೆ ಮಧ್ಯಾಹ್ನ ಏನು ತಿಂದೆ ಎಂಬುದೇ ನನಗೆ ಸರಿಯಾಗಿ ನೆನಪಿರುವುದಿಲ್ಲ. ಈಗ ರಕ್ತ ಮತ್ತು ಮೂತ್ರದ ಪರೀಕ್ಷೆಯಿಂದಲೇ ಇದನ್ನು ತಿಳಿಯಬಹುದಂತೆ, ನಿಜವೇ? ನಮ್ಮ ಮನೆಯಲ್ಲಿ ನಾಲ್ಕು ಜನ ಇದ್ದೇವೆ; ನಾವೇ ಅಳೆದುಕೊಳ್ಳುವ ದಾರಿ ಏನಾದರೂ ಇದೆಯೇ?
ಒಬ್ಬ ಓದುಗರು, ತುಮಕೂರು

ಉತ್ತರ: ನೀವು ಓದಿದ ಸಂಖ್ಯೆ ಸರಿಯಾಗಿಯೇ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಅಂಕಿಅಂಶ ಕೇಂದ್ರ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 2021ರ ಆಗಸ್ಟ್‌ನಿಂದ 2023ರ ಆಗಸ್ಟ್‌ವರೆಗಿನ ಅವಧಿಯಲ್ಲಿ ಆ ದೇಶದವರ ಒಟ್ಟು ಕ್ಯಾಲೊರಿಯಲ್ಲಿ ಶೇ 55 ಭಾಗ ಅತಿಸಂಸ್ಕರಿತ ಆಹಾರದಿಂದ, ಅಂದರೆ ತಂಪು ಪಾನೀಯ, ಇನ್‌ಸ್ಟಂಟ್ ನೂಡಲ್ಸ್‌ನಂಥ ಕಾರ್ಖಾನೆಯ ತಿನಿಸುಗಳಿಂದ ಬಂದಿತ್ತು. ಮಕ್ಕಳು ಮತ್ತು ಹದಿಹರೆಯದವರಲ್ಲಿ ಅದು ಶೇ 61.9, ದೊಡ್ಡವರಲ್ಲಿ ಶೇ 53. ಆದರೆ ಯಾರ ತಟ್ಟೆಯನ್ನೂ ಯಾರೂ ತಕ್ಕಡಿಯಲ್ಲಿಟ್ಟು ತೂಗಿರಲಿಲ್ಲ. ತರಬೇತಿ ಪಡೆದ ಸಂದರ್ಶಕರು ಸಾವಿರಾರು ಜನರನ್ನು, ನಿನ್ನೆ ಇಡೀ ದಿನ ಏನೇನು ತಿಂದಿರಿ, ಏನೇನು ಕುಡಿದಿರಿ ಎಂದು ಕೇಳಿದರು. ಆ ಉತ್ತರಗಳನ್ನು ಆಹಾರಗಳ ದೊಡ್ಡ ಪಟ್ಟಿಯೊಂದಕ್ಕೆ ಹೊಂದಿಸಿ, ಒಂದೊಂದಕ್ಕೂ ಒಂದು ವರ್ಗ ಕೊಟ್ಟು, ಕ್ಯಾಲೊರಿ ಕೂಡಿಸಿದಾಗ ಬಂದ ಸರಾಸರಿ ಅದು. ಹಾಗಾಗಿ ನಿನ್ನೆಯ ಊಟವೇ ನೆನಪಿಲ್ಲ ಎಂಬ ನಿಮ್ಮ ಮಾತು ಈ ಲೆಕ್ಕದ ಬುಡಕ್ಕೇ ತಾಗುತ್ತದೆ.

ತಪ್ಪು ನುಸುಳುವುದು ಮೂರು ಕಡೆ. ಯಾವುದನ್ನು ಅತಿಸಂಸ್ಕರಿತ ಎನ್ನಬೇಕು ಎಂಬಲ್ಲಿ ಒಂದು, ಏನು ತಿಂದರು ಎಂಬಲ್ಲಿ ಇನ್ನೊಂದು, ಎಷ್ಟು ತಿಂದರು ಎಂಬಲ್ಲಿ ಮತ್ತೊಂದು. ಜನರ ಮರೆವಿನ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ನನಗೆ ಕಂಡಂತೆ ನಮ್ಮ ಕಡೆಯ ದೊಡ್ಡ ತೊಡಕು ಮೊದಲನೆಯದು. ನೀವು ಕೇಳಿದ ರಕ್ತಪರೀಕ್ಷೆಯೂ ಅದನ್ನು ಬಿಡಿಸಿಕೊಡಲಾರದು. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ.

ಅಲ್ಟ್ರಾ ಪ್ರಾಸೆಸ್ಡ್ ಎಂದು ಎಲ್ಲರ ಬಾಯಲ್ಲೂ ಈಗ ಕೇಳಿಬರುವ ಈ ಕಲ್ಪನೆಯನ್ನು ಚಲಾವಣೆಗೆ ತಂದವರು ಬ್ರೆಜಿಲ್‌ನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೆರೊ ಮತ್ತು ಅವರ ಸಂಗಡಿಗರು; ಮೊದಲ ಲೇಖನ ಬಂದದ್ದು 2009ರಲ್ಲಿ. ಅವರ ನೋವಾ ವರ್ಗೀಕರಣದಲ್ಲಿ ನಾಲ್ಕು ಗುಂಪುಗಳಿವೆ. ಅಕ್ಕಿ, ರಾಗಿ, ಬೇಳೆ, ತರಕಾರಿ, ಹಾಲು, ಏನೂ ಬೆರೆಸದ ಮೊಸರು ಮೊದಲನೆಯದು. ಎಣ್ಣೆ, ತುಪ್ಪ, ಬೆಲ್ಲ, ಉಪ್ಪು ಎರಡನೆಯದು. ಇವೆರಡನ್ನೂ ಸೇರಿಸಿ ಮಾಡಿಟ್ಟ ಉಪ್ಪಿನಕಾಯಿಯಂಥವು ಮೂರನೆಯದು. ನಾಲ್ಕನೆಯದೇ ಅತಿಸಂಸ್ಕರಿತ ಆಹಾರ: ಮಾಲ್ಟೋಡೆಕ್ಸ್‌ಟ್ರಿನ್, ಗ್ಲೂಕೋಸ್ ಸಿರಪ್, ಹೈಡ್ರೋಜನೀಕರಿಸಿದ ಎಣ್ಣೆ, ಕೃತಕ ಪರಿಮಳ, ಬಣ್ಣ, ಎಣ್ಣೆ-ನೀರು ಬೇರ್ಪಡದಂತೆ ಹಿಡಿದಿಡುವ ಎಮಲ್ಸಿಫೈಯರ್ ಮುಂತಾಗಿ ಯಾರ ಅಡುಗೆಮನೆಯ ಡಬ್ಬಿಯಲ್ಲೂ ಸಿಗದ ಪದಾರ್ಥಗಳನ್ನು ಬಳಸಿ ಕಾರ್ಖಾನೆಯಲ್ಲಿ ತಯಾರಾದದ್ದು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಈ ವಿಂಗಡಣೆ ಸಕ್ಕರೆ ಎಷ್ಟಿದೆ, ಉಪ್ಪು ಎಷ್ಟಿದೆ ಎಂದು ಕೇಳುವುದಿಲ್ಲ. ಅದು ಹೇಗೆ ತಯಾರಾಯಿತು, ಯಾವುದರಿಂದ ತಯಾರಾಯಿತು, ಯಾಕಾಗಿ ತಯಾರಾಯಿತು ಎಂದು ಕೇಳುತ್ತದೆ. ಸಕ್ಕರೆಯನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. ಉದ್ದೇಶವನ್ನು ಅಳೆಯುವ ಉಪಕರಣ ಇಲ್ಲ.

ಫ್ರಾನ್ಸಿನಲ್ಲಿ ಇದನ್ನೇ ಒರೆಗೆ ಹಚ್ಚಿ ನೋಡಿದರು. ಆಹಾರ ಮತ್ತು ಪೋಷಣೆಯ ತಜ್ಞರಿಗೆ ಮಾರುಕಟ್ಟೆಯಲ್ಲಿ ಸಿಗುವ 120 ಪದಾರ್ಥಗಳನ್ನು, ಅವುಗಳ ಘಟಕಗಳ ಪಟ್ಟಿಯ ಸಮೇತ ಕೊಟ್ಟು, ನೋವಾದ ಯಾವ ಗುಂಪಿಗೆ ಸೇರುತ್ತವೆ ಹೇಳಿ ಎಂದರು. ಇನ್ನು 111 ಪದಾರ್ಥಗಳ ಹೆಸರನ್ನಷ್ಟೇ ಕೊಟ್ಟು ಅದೇ ಪ್ರಶ್ನೆ ಕೇಳಿದರು. 2022ರಲ್ಲಿ ಪ್ರಕಟವಾದ ಫಲಿತಾಂಶ ಕುತೂಹಲಕರವಾಗಿತ್ತು. ಒಮ್ಮತವನ್ನು ಅಳೆಯುವ ಕಪ್ಪಾ ಎಂಬ ಅಂಕ ಪೂರ್ತಿ ಒಪ್ಪಿಗೆಯಿದ್ದರೆ 1 ಇರುತ್ತದೆ, ಕಾಕತಾಳೀಯವಾಗಿ ಹೊಂದಿದಷ್ಟೇ ಆದರೆ 0 ಇರುತ್ತದೆ. ಮೊದಲ ಪಟ್ಟಿಗೆ ಅದು 0.32, ಎರಡನೆಯದಕ್ಕೆ 0.34 ಬಂತು. ಅಂದರೆ ಘಟಕಗಳ ಪಟ್ಟಿ ಕೈಯಲ್ಲಿದ್ದರೂ ತಜ್ಞರ ನಡುವಿನ ಒಮ್ಮತ ಹೆಚ್ಚಲಿಲ್ಲ. ನೋವಾದ ಪರವಾಗಿ ಇರುವವರು ಇದನ್ನು ಒಪ್ಪುವುದಿಲ್ಲ. ಒಬ್ಬೊಬ್ಬರೇ ಕುಳಿತು ಬಿಡಿ ಪದಾರ್ಥಗಳಿಗೆ ಅಂಕ ಹಾಕುವುದು ಬೇರೆ, ಒಂದು ತಂಡ ನಿಯಮಗಳನ್ನು ಬರೆದಿಟ್ಟುಕೊಂಡು ಇಡೀ ಸಮೀಕ್ಷೆಯನ್ನು ವಿಂಗಡಿಸುವುದು ಬೇರೆ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ತಂಪು ಪಾನೀಯ, ಇನ್‌ಸ್ಟಂಟ್ ನೂಡಲ್ಸ್, ಕ್ರೀಂ ಬಿಸ್ಕತ್ತಿನ ವಿಷಯದಲ್ಲಿ ಯಾರಿಗೂ ಜಗಳವಿಲ್ಲ, ಜಗಳವಿರುವುದು ಗಡಿಯಲ್ಲಿ.

ನಮ್ಮ ದುರದೃಷ್ಟಕ್ಕೆ ಕರ್ನಾಟಕದ ಬೇಕರಿ, ಕಾಂಡಿಮೆಂಟ್ಸ್ ಅಂಗಡಿ ಮತ್ತು ತಳ್ಳುಗಾಡಿಗಳ ಬಹುಪಾಲು ಆ ಗಡಿಯಲ್ಲೇ ಇದೆ. ಮೈಸೂರು ಪಾಕನ್ನೇ ತೆಗೆದುಕೊಳ್ಳಿ. ಕಡಲೆಹಿಟ್ಟು, ಸಕ್ಕರೆ, ತುಪ್ಪ ಇವಿಷ್ಟರಿಂದ ಆಗಿದ್ದರೆ ನೋವಾದ ಪ್ರಕಾರ ಅದು ಅತಿಸಂಸ್ಕರಿತವಲ್ಲ, ಎಷ್ಟು ಸಿಹಿಯಾಗಿದ್ದರೂ ಅಲ್ಲ. ಅದೇ ಮೈಸೂರು ಪಾಕನ್ನು ಪಕ್ಕದ ಅಂಗಡಿಯವರು ವನಸ್ಪತಿ ಹಾಕಿ ಮಾಡಿ, ಮೇಲೊಂದಿಷ್ಟು ಬಣ್ಣ ಬೆರೆಸಿದ್ದರೆ ಅದು ನಾಲ್ಕನೆಯ ಗುಂಪಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ತಿಂದವರು ಸಂದರ್ಶಕರಿಗೆ ಹೇಳುವುದು ಎರಡು ಸಂದರ್ಭದಲ್ಲೂ ಒಂದೇ ಮಾತು: "ಒಂದು ತುಂಡು ಮೈಸೂರು ಪಾಕ್." ಗೋಬಿ ಮಂಚೂರಿಯ ಕಥೆ ಇನ್ನೂ ಗೋಜಲು. ಹೂಕೋಸು ಮೊದಲನೆಯ ಗುಂಪು, ಎಣ್ಣೆ ಎರಡನೆಯದು, ಸೋಯಾ ಸಾಸ್ ಮತ್ತು ಚಿಲ್ಲಿ ಸಾಸ್ ಬಹುತೇಕ ನಾಲ್ಕನೆಯದು. ಕೃತಕ ಬಣ್ಣವೂ ಇದ್ದರೆ ಇನ್ನೊಂದು ಅಂಶ ಸೇರಿತು. ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಇಡೀ ತಟ್ಟೆಯನ್ನು ನಾಲ್ಕನೆಯ ಗುಂಪಿಗೆ ಹಾಕಬೇಕೋ ಅಥವಾ ಅದನ್ನು ಬಿಡಿಸಿ ಸಾಸಿನ ಎರಡು ಚಮಚವನ್ನಷ್ಟೇ ಅಲ್ಲಿಗೆ ಕಳಿಸಬೇಕೋ? ಮನೆಯಲ್ಲಿ ಮಾಡಿದ್ದಾದರೆ ಬಿಡಿಸಿ ಲೆಕ್ಕ ಹಾಕುವುದು ರೂಢಿ. ಗಾಡಿಯವನದ್ದಾದರೆ ಬಿಡಿಸುವುದಕ್ಕೆ ಅವನ ಪಾಕವಿಧಾನ ಯಾರ ಬಳಿಯೂ ಇಲ್ಲ. ಪೊಟ್ಟಣದ ಆಹಾರಕ್ಕೆ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬ ಕಾನೂನು ಇದೆ. ಗಾಜಿನ ಭರಣಿಯಿಂದ ತೆಗೆದು ಕಾಗದದಲ್ಲಿ ಕಟ್ಟಿಕೊಡುವ ಬೆಣ್ಣೆ ಬಿಸ್ಕತ್ತಿಗೆ ಅಂಥ ಚೀಟಿ ಎಲ್ಲಿಂದ ಬರಬೇಕು?

ಇನ್ನು ನೆನಪಿನ ವಿಷಯ. ಇಲ್ಲಿ ಆಗಿರುವ ಕೆಲಸ ಸಣ್ಣದಲ್ಲ. ಅಮೆರಿಕದ ಸಮೀಕ್ಷೆಯಲ್ಲಿ ಬಳಸುವ ವಿಧಾನ ಐದು ಸುತ್ತಿನದು: ಮೊದಲು ನೆನಪಾದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಸುವುದು, ಆಮೇಲೆ ಜನ ಸಾಮಾನ್ಯವಾಗಿ ಮರೆಯುವ ಪದಾರ್ಥಗಳ ಹೆಸರು ಹಿಡಿದು ಕೇಳುವುದು, ಹೊತ್ತು ಮತ್ತು ಸಂದರ್ಭ ಕೇಳುವುದು, ಒಂದೊಂದರ ವಿವರ ಮತ್ತು ಅಳತೆ ಕೇಳುವುದು, ಕೊನೆಗೆ ಬಿಟ್ಟುಹೋದದ್ದು ಏನಾದರೂ ಇದೆಯೇ ಎಂದು ಮತ್ತೊಮ್ಮೆ ಕೆದಕುವುದು. ನಮ್ಮಲ್ಲಿ ಎರಡನೆಯ ಸುತ್ತೇ ಪ್ರಾಣ. ಏಕೆಂದು ಕ್ಷೇತ್ರಕಾರ್ಯದಲ್ಲಿ ಮತ್ತೆ ಮತ್ತೆ ನಡೆಯುವ ಒಂದು ಮಾತುಕತೆಯಿಂದ ತೋರಿಸುತ್ತೇನೆ.

"ಬೆಳಿಗ್ಗೆ ಎದ್ದ ಮೇಲೆ ಏನು ತಗೊಂಡ್ರಿ ಅಮ್ಮಾ?"
"ಏನಿಲ್ಲ, ಬರೀ ಟೀ."
"ಟೀ ಜೊತೆಗೆ?"
"ಎರಡು ಬಿಸ್ಕತ್ತು ಅಷ್ಟೇ."
"ಆಮೇಲೆ?"
"ಒಂಬತ್ತೂವರೆಗೆ ತಿಂಡಿ. ಉಪ್ಪಿಟ್ಟು."
"ಅದರ ನಡುವೆ ಬಾಯಿಗೆ ಏನೂ ಹಾಕಿಕೊಳ್ಳಲಿಲ್ವಾ?"
"ಮೊಮ್ಮಗ ಅರ್ಧ ಬ್ರೆಡ್ಡು ಬಿಟ್ಟಿದ್ದ, ಜಾಮ್ ಹಚ್ಚಿದ್ದು. ಎಸೆಯೋಕೆ ಮನಸ್ಸಾಗಲಿಲ್ಲ."

ಈ ತಾಯಿ ಸುಳ್ಳು ಹೇಳಿದವರಲ್ಲ. ನಮ್ಮ ಮಾತಿನಲ್ಲಿ ಆಹಾರಕ್ಕೆ ಇರುವ ಮನೆಗಳು ತಿಂಡಿ ಮತ್ತು ಊಟ, ಉತ್ತರ ಕರ್ನಾಟಕದಲ್ಲಾದರೆ ನಾಷ್ಟಾ ಮತ್ತು ಊಟ. ಟೀ ಜೊತೆಯ ಬಿಸ್ಕತ್ತು, ಬಸ್ಸಿನಲ್ಲಿ ಒಡೆದ ಚಿಪ್ಸು, ಮಕ್ಕಳು ಬಿಟ್ಟ ಬ್ರೆಡ್ಡು ಎರಡಕ್ಕೂ ಸೇರುವುದಿಲ್ಲ; ಅದು ಬಾಯಾಡಿಸುವುದು. ತಿಂಡಿ ಆಯಿತೇ, ಊಟ ಆಯಿತೇ ಎಂದಷ್ಟೇ ಕೇಳಿದರೆ ಜನ ಪ್ರಾಮಾಣಿಕವಾಗಿಯೇ ಉತ್ತರ ಕೊಡುತ್ತಾರೆ, ಅತಿಸಂಸ್ಕರಿತ ಆಹಾರ ಮಾತ್ರ ಅವೆರಡರ ನಡುವಿನ ಸಂದಿಯಲ್ಲಿ ಜಾರಿಹೋಗುತ್ತದೆ. ಬೇರೆ ದೇಶದ ಪ್ರಶ್ನಾವಳಿಯನ್ನು ಪದಕ್ಕೆ ಪದ ಕನ್ನಡಿಸಿ ತಂದವರು ಎಡವುವುದು ಇಲ್ಲೇ.

ಇಂಥ ಜಾರುವಿಕೆ ಒಟ್ಟಾರೆ ಎಷ್ಟು ಎಂಬುದಕ್ಕೆ ಒಂದು ಗಟ್ಟಿ ಅಳತೆಗೋಲಿದೆ. ಹೈಡ್ರೋಜನ್ ಮತ್ತು ಆಮ್ಲಜನಕದ ಭಾರವಾದ, ಅಪಾಯವಿಲ್ಲದ ರೂಪಗಳು (ಐಸೋಟೋಪುಗಳು) ಇರುವ ನೀರನ್ನು ಕುಡಿಸಿ, ಮುಂದಿನ ಸುಮಾರು ಎರಡು ವಾರ ಮೂತ್ರದ ಮಾದರಿಗಳಲ್ಲಿ ಅವೆರಡೂ ಯಾವ ವೇಗದಲ್ಲಿ ದೇಹದಿಂದ ಹೊರಹೋಗುತ್ತವೆ ಎಂದು ನೋಡಿದರೆ, ಆ ವ್ಯಕ್ತಿ ನಿಜವಾಗಿ ಎಷ್ಟು ಶಕ್ತಿ ವ್ಯಯಿಸಿದರು ಎಂಬುದು ತಿಳಿಯುತ್ತದೆ. ತೂಕ ಬದಲಾಗದಿದ್ದರೆ ತಿಂದದ್ದೂ ಅಷ್ಟೇ ಇರಬೇಕು. ಅಮೆರಿಕದ ಓಪನ್ ಎಂಬ ಅಧ್ಯಯನ ಈ ನೀರಿನ ಲೆಕ್ಕವನ್ನು ಬಾಯಿಮಾತಿನ ಲೆಕ್ಕದ ಪಕ್ಕದಲ್ಲಿಟ್ಟು 2003ರಲ್ಲಿ ಫಲಿತಾಂಶ ಪ್ರಕಟಿಸಿತು. ನಿನ್ನೆಯ ಊಟ ಕೇಳುವ ವಿಧಾನದಲ್ಲಿ ಗಂಡಸರು ಶೇ 12ರಿಂದ 14ರಷ್ಟು, ಹೆಂಗಸರು ಶೇ 16ರಿಂದ 20ರಷ್ಟು ಕಡಿಮೆ ಹೇಳಿದ್ದರು. ವರ್ಷದಲ್ಲಿ ಎಷ್ಟು ಸಲ ತಿನ್ನುತ್ತೀರಿ ಎಂದು ಪಟ್ಟಿ ಹಿಡಿದು ಕೇಳುವ ಪ್ರಶ್ನಾವಳಿಯಲ್ಲಿ ಆ ಕೊರತೆ ಗಂಡಸರಲ್ಲಿ ಶೇ 31ರಿಂದ 36, ಹೆಂಗಸರಲ್ಲಿ ಶೇ 34ರಿಂದ 38ಕ್ಕೆ ಏರಿತ್ತು. ಎಲ್ಲ ಆಹಾರವನ್ನೂ ಒಂದೇ ಪ್ರಮಾಣದಲ್ಲಿ ಕಡಿಮೆ ಹೇಳಿದ್ದರೆ ಚಿಂತೆಯಿರಲಿಲ್ಲ, ಶೇಕಡಾವಾರು ಪಾಲು ಹಾಗೆಯೇ ಉಳಿಯುತ್ತಿತ್ತು. ಆದರೆ ಜನ ಮರೆಯುವುದು ಮುದ್ದೆಯನ್ನಲ್ಲ, ಕುರುಕಲನ್ನು. ಅದರ ಮೇಲೆ ಕುರುಕಲಿಗೆ ಕೆಟ್ಟ ಹೆಸರು ಬಂದಷ್ಟೂ ಹೇಳಿಕೊಳ್ಳುವ ಸಂಕೋಚವೂ ಹೆಚ್ಚುತ್ತದೆ. ಹತ್ತು ವರ್ಷದ ಹಿಂದೆ ಹೆಮ್ಮೆಯಿಂದ ಹೇಳಿದ್ದನ್ನು ಇಂದು ಅದೇ ಮನೆಯವರು ನುಂಗಿಕೊಳ್ಳಬಹುದು. ಆಗ ಸೇವನೆ ಇಳಿಯದೆ ಸಂಖ್ಯೆ ಮಾತ್ರ ಇಳಿದಂತೆ ಕಾಣುತ್ತದೆ.

ದಶಕಗಳ ಕಾಲ ಸಾವಿರಾರು ಜನರನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನಗಳಲ್ಲಿ ಬಹಳಷ್ಟು ನಿಂತಿರುವುದು ಈ ಎರಡನೆಯ ಬಗೆಯ ಪ್ರಶ್ನಾವಳಿಯ ಮೇಲೆ. ಅವುಗಳ ಪ್ರಶ್ನೆಗಳು ಸಿದ್ಧವಾದಾಗ ಅತಿಸಂಸ್ಕರಿತ ಎಂಬ ಕಲ್ಪನೆಯೇ ಇರಲಿಲ್ಲ. ಮೊಸರು ತಿನ್ನುತ್ತೀರಾ ಎಂದು ಕೇಳಿದ್ದರು. ಮನೆಯಲ್ಲಿ ಹೆಪ್ಪು ಹಾಕಿದ್ದೋ, ಸ್ಟ್ರಾಬೆರಿ ಪರಿಮಳ ಮತ್ತು ಬಣ್ಣ ಬೆರೆಸಿದ್ದೋ ಎಂದು ಕೇಳಿರಲಿಲ್ಲ. ಈಗ ಹಳೆಯ ಉತ್ತರಗಳಿಗೆ ಹೊಸ ವರ್ಗ ಹಚ್ಚುವಾಗ ಊಹೆ ಅನಿವಾರ್ಯ. ಇದಕ್ಕೆ ಹೋಲಿಸಿದರೆ ಬ್ರೆಜಿಲ್‌ನವರು ರೂಪಿಸಿದ ಚುಟುಕು ಪ್ರಶ್ನಾವಳಿ ಚೆನ್ನಾಗಿದೆ: ಅತಿಸಂಸ್ಕರಿತ ಆಹಾರದ 23 ಬಗೆಗಳನ್ನು ಹೆಸರಿಸಿ, ನಿನ್ನೆ ಇವುಗಳಲ್ಲಿ ಯಾವುದನ್ನು ತಿಂದಿರಿ ಎಂದು ಹೌದು-ಇಲ್ಲ ಎಂಬ ಉತ್ತರವನ್ನಷ್ಟೇ ಪಡೆಯುತ್ತದೆ. ಅದನ್ನು ಭಾರತಕ್ಕೆ ಹೊಂದಿಸುವ ಕೆಲಸವೂ ನಡೆದಿದೆ. ಪ್ರಮಾಣವನ್ನೇ ಕೇಳದ ಕಾರಣ ಅದು ಕ್ಯಾಲೊರಿಯ ಪಾಲನ್ನು ಹೇಳದು. ಆದರೆ ಯಾವ ಊರಿನಲ್ಲಿ, ಯಾವ ವಯಸ್ಸಿನವರಲ್ಲಿ ಹೆಚ್ಚು ಎಂಬ ಹೋಲಿಕೆಗೆ ಅಷ್ಟು ಸಾಕು.

ಭಾರತದ ಸಂಖ್ಯೆ ಏನು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು, ಏಕೆಂದರೆ ಇಲ್ಲಿ ಬೇರೆಯದೇ ಎಡವಟ್ಟಿದೆ. ಕೇಂದ್ರ ಸರ್ಕಾರದ ಗೃಹ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ 2023–24ರಲ್ಲಿ ಮನೆಯ ತಲಾ ಮಾಸಿಕ ಖರ್ಚಿನಲ್ಲಿ ಪಾನೀಯ, ಉಪಾಹಾರ ಮತ್ತು ಸಂಸ್ಕರಿತ ಆಹಾರದ ಪಾಲು ಹಳ್ಳಿಗಳಲ್ಲಿ ಶೇ 9.84, ಪಟ್ಟಣಗಳಲ್ಲಿ ಶೇ 11.09. ಇದನ್ನು ಎತ್ತಿಕೊಂಡು ಭಾರತೀಯರ ಆಹಾರದಲ್ಲಿ ಹತ್ತನೇ ಒಂದು ಭಾಗ ಅತಿಸಂಸ್ಕರಿತ ಎಂದು ಬರೆದವರನ್ನು ನೋಡಿದ್ದೇನೆ. ಹಾಗಲ್ಲ. ಅದು ರೂಪಾಯಿಯ ಪಾಲು, ಕ್ಯಾಲೊರಿಯದ್ದಲ್ಲ. ಅದೂ ಬಾಡಿಗೆ, ಬಟ್ಟೆ, ಬಸ್ ಚಾರ್ಜು ಎಲ್ಲ ಸೇರಿದ ಒಟ್ಟು ಖರ್ಚಿನಲ್ಲಿ. ಹೊರಗೆ ಕೊಂಡು ತಿಂದ ಸಿದ್ಧ ಅಡುಗೆಯೂ ಆ ಬಾಬಿನಲ್ಲೇ ಸೇರಿದೆ, ಹಾಗಾಗಿ ದರ್ಶಿನಿಯ ಇಡ್ಲಿ-ವಡೆ ಮತ್ತು ಕಾಲೇಜಿನ ಎದುರಿನ ಪಫ್ಸ್ ಒಂದೇ ಚೀಲಕ್ಕೆ ಬೀಳುತ್ತವೆ. 2024–25ರ ಆರ್ಥಿಕ ಸಮೀಕ್ಷೆಯಲ್ಲಿ ಉಲ್ಲೇಖವಾದ ಇನ್ನೊಂದು ಲೆಕ್ಕವಿದೆ: 2006ರಲ್ಲಿ ಸುಮಾರು 90 ಕೋಟಿ ಡಾಲರ್ ಇದ್ದ ಅತಿಸಂಸ್ಕರಿತ ಆಹಾರದ ಬಳಕೆ 2019ಕ್ಕೆ 3,790 ಕೋಟಿ ಡಾಲರ್ ದಾಟಿತು ಎನ್ನುತ್ತದೆ ಅದು. ದಿಕ್ಕು ಯಾವ ಕಡೆಗೆ ಎಂಬುದರಲ್ಲಿ ಅನುಮಾನವಿಲ್ಲ, ಆದರೆ ಡಾಲರಿನಲ್ಲಿ ಇರುವುದು ಮಾರಾಟದ ಮೌಲ್ಯ. ಅದರಲ್ಲಿ ಬೆಲೆಯೇರಿಕೆ ಇದೆ, ಜನಸಂಖ್ಯೆಯ ಏರಿಕೆ ಇದೆ, ಬಿಡಿಯಾಗಿ ಮಾರುತ್ತಿದ್ದುದು ಪೊಟ್ಟಣಕ್ಕೆ ಸೇರಿದ್ದೂ ಇದೆ. ಯಾರ ಹೊಟ್ಟೆಗೆ ಎಷ್ಟು ಹೋಯಿತು ಎಂಬುದು ಅದರಿಂದ ಹೊರಡುವುದಿಲ್ಲ.

ಈಗ ನಿಮ್ಮ ರಕ್ತಪರೀಕ್ಷೆಯ ಪ್ರಶ್ನೆ. ಯಾರನ್ನೂ ಕೇಳದೆ, ಪೂರ್ತಿ ತೂಗಿ ಅಳೆದದ್ದು ಆಸ್ಪತ್ರೆಯ ವಾರ್ಡಿನಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ತಂಡದವರು 20 ಮಂದಿಯನ್ನು ನಾಲ್ಕು ವಾರ ಒಳಗೇ ಇರಿಸಿಕೊಂಡು, ಎರಡು ವಾರ ಅತಿಸಂಸ್ಕರಿತ ಊಟ, ಎರಡು ವಾರ ಸಂಸ್ಕರಿಸದ ಊಟ ಕೊಟ್ಟರು; ಎಷ್ಟು ಬೇಕಾದರೂ ತಿನ್ನಬಹುದಿತ್ತು, ತಟ್ಟೆಯಲ್ಲಿ ಉಳಿದದ್ದನ್ನು ತೂಗಿ ಕಳೆಯುತ್ತಿದ್ದರು. 2019ರಲ್ಲಿ ಬಂದ ಫಲಿತಾಂಶದಂತೆ ಅತಿಸಂಸ್ಕರಿತ ಊಟದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿ ಹೆಚ್ಚು ತಿಂದಿದ್ದರು. ಅಲ್ಲಿ ಸಂಗ್ರಹಿಸಿದ ರಕ್ತ ಮತ್ತು ಮೂತ್ರ ಮುಂದೆ ಇನ್ನೊಂದು ಕೆಲಸಕ್ಕೆ ಒದಗಿತು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎರಿಕಾ ಲಾಫ್ಟ್‌ಫೀಲ್ಡ್ ಮತ್ತು ಸಂಗಡಿಗರು 50ರಿಂದ 74 ವಯಸ್ಸಿನ 718 ಜನರ ಆಹಾರದ ವಿವರವನ್ನೂ ರಕ್ತ-ಮೂತ್ರವನ್ನೂ ಹೋಲಿಸಿ, ಅತಿಸಂಸ್ಕರಿತ ಆಹಾರದ ಪಾಲಿನೊಂದಿಗೆ ಏರಿಳಿಯುವ ನೂರಾರು ಚಯಾಪಚಯ ವಸ್ತುಗಳನ್ನು, ಅಂದರೆ ಆಹಾರವನ್ನು ದೇಹ ಬಳಸಿಕೊಳ್ಳುವಾಗ ರಕ್ತ-ಮೂತ್ರದಲ್ಲಿ ಕಾಣುವ ಸಣ್ಣ ರಾಸಾಯನಿಕಗಳನ್ನು ಗುರುತಿಸಿದರು. ಅವುಗಳಲ್ಲಿ ರಕ್ತದ 28 ಮತ್ತು ಮೂತ್ರದ 33 ವಸ್ತುಗಳನ್ನು ಆರಿಸಿ ಒಂದೊಂದು ಅಂಕವಾಗಿ ಹೊಸೆದರು. ಆಮೇಲೆ ಆ ವಾರ್ಡಿನ 20 ಮಂದಿಯ ಮಾದರಿಗಳ ಮೇಲೆ ಪ್ರಯೋಗಿಸಿದಾಗ, ಶೇ 80ರಷ್ಟು ಅತಿಸಂಸ್ಕರಿತ ಊಟ ತಿಂದ ಅವಧಿ ಯಾವುದು, ಅದನ್ನು ಸ್ವಲ್ಪವೂ ತಿನ್ನದ ಅವಧಿ ಯಾವುದು ಎಂಬುದು ಅಂಕದಲ್ಲಿ ಬೇರೆಬೇರೆಯಾಗಿ ಕಂಡಿತು. ಇದು 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು. ನೀವು ಓದಿದ್ದು ಇದೇ ಇರಬೇಕು.

ಕೆಲಸ ಅಚ್ಚುಕಟ್ಟಾಗಿದೆ, ಅನುಮಾನವಿಲ್ಲ. ಆದರೆ ಆ ಅಂಕ ಏನನ್ನು ಹಿಡಿಯುತ್ತಿದೆ ಎಂದು ಹತ್ತಿರದಿಂದ ನೋಡಬೇಕು. ಅತಿಸಂಸ್ಕರಿತ ಆಹಾರ ಹೆಚ್ಚಿದಂತೆ ಇಳಿಯುವ ವಸ್ತುಗಳಲ್ಲಿ ಎಸ್-ಮೀಥೈಲ್‌ಸಿಸ್ಟೀನ್ ಸಲ್ಫಾಕ್ಸೈಡ್ ಒಂದು. ಅದು ಎಲೆಕೋಸು, ಹೂಕೋಸಿನ ಜಾತಿಯ ತರಕಾರಿಗಳಿಂದಲೂ ಈರುಳ್ಳಿ-ಬೆಳ್ಳುಳ್ಳಿಯಿಂದಲೂ ಬರುತ್ತದೆ. ಅಂದರೆ ಪರೀಕ್ಷೆ ಗುರುತಿಸುತ್ತಿರುವುದರಲ್ಲಿ ಒಂದು ಭಾಗ ಚಿಪ್ಸು ತಿಂದದ್ದನ್ನಲ್ಲ, ಕೋಸು ತಿನ್ನದಿರುವುದನ್ನು. ಈರುಳ್ಳಿ-ಬೆಳ್ಳುಳ್ಳಿ ಮುಟ್ಟದ ನಮ್ಮ ಮನೆಗಳ ಅಜ್ಜಿಯೊಬ್ಬರ ರಕ್ತ ಅಲ್ಲಿ ಏನು ಹೇಳೀತು? ಏರುವ ವಸ್ತುಗಳಲ್ಲಿ ಕಾರ್ಬಾಕ್ಸಿಮೀಥೈಲ್‌ಲೈಸೀನ್ ಇದೆ. ಪ್ರೋಟೀನ್ ಮತ್ತು ಸಕ್ಕರೆ ಸೇರಿ ಬಿಸಿಯಾದಾಗ ಹುಟ್ಟುವ ಅದು ಕಾರ್ಖಾನೆಯ ಒಲೆಗೂ ಮನೆಯ ಒಲೆಗೂ ಭೇದ ಮಾಡುವುದಿಲ್ಲ. ಒಂದೊಂದು ವಸ್ತುವಿನ ನಂಟೂ ದುರ್ಬಲವೇ, ಒಟ್ಟು ಸೇರಿಸಿದಾಗ ಮಾತ್ರ ಅದಕ್ಕೆ ಬಲ. ಇನ್ನೊಂದು ಸಂಗತಿ ಮುಖ್ಯ: ಆ 28 ಮತ್ತು 33 ವಸ್ತುಗಳನ್ನು ಆರಿಸಿದ್ದು ಜನರ ಬಾಯಿಮಾತಿನ ಲೆಕ್ಕಕ್ಕೆ, ಅದೇ ನೋವಾ ವಿಂಗಡಣೆಗೆ ಹೊಂದಿಸಿಯೇ. ನಾಳೆ ತಜ್ಞರು ಬ್ರೆಡ್ಡನ್ನು ಬೇರೆ ಗುಂಪಿಗೆ ಹಾಕಿದರೆ ಅಂಕವನ್ನೂ ಹೊಸದಾಗಿ ಹೊಸೆಯಬೇಕು. ಸಂಶೋಧನೆಯಲ್ಲಿ ಸಾವಿರಾರು ಜನರನ್ನು ಹೋಲಿಸುವಾಗ, ಮರೆವಿನ ದೋಷದಿಂದ ದೂರವಾದ ಎರಡನೆಯ ಸಾಕ್ಷಿಯಾಗಿ ಇದು ಬೆಲೆಬಾಳುತ್ತದೆ. ಪ್ರಯೋಗಾಲಯಕ್ಕೆ ಹೋಗಿ ಮಾಡಿಸಿಕೊಂಡು ನನ್ನ ಪಾಲು ಶೇ 30 ಎಂದು ಚೀಟಿ ತರುವ ಪರೀಕ್ಷೆ ಇದಲ್ಲ. ಹಾಗೆಂದು ಯಾರಾದರೂ ಮಾರಲು ಬಂದರೆ ದುಡ್ಡು ಕೊಡಬೇಡಿ.

ಮನೆಯಲ್ಲೇ ಅಳೆಯುವುದಕ್ಕೆ ನಾನು ಹೇಳುವ ದಾರಿ ಇದಕ್ಕಿಂತ ಅಗ್ಗ: ಖಾಲಿ ಪೊಟ್ಟಣಗಳನ್ನು ಎಸೆಯದೆ ಇಟ್ಟುಕೊಳ್ಳಿ. ಇದು ಹೊಸ ಉಪಾಯವೇನೂ ಅಲ್ಲ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಪುರಾತತ್ವಜ್ಞ ವಿಲಿಯಂ ರಾಥ್ಜೆ 1973ರಿಂದ ಟೂಸಾನ್ ಊರಿನ ಮನೆಗಳ ಕಸವನ್ನು ವಿಂಗಡಿಸಿ ನೋಡಿ, ಜನ ಕುಡಿದೆವೆಂದು ಹೇಳಿದ ಮದ್ಯಕ್ಕಿಂತ ಕಸದಲ್ಲಿ ಸಿಕ್ಕ ಬಾಟಲಿಗಳು ಹೆಚ್ಚು ಎಂದು ತೋರಿಸಿದ್ದರು. ಖಾಲಿ ಪೊಟ್ಟಣಕ್ಕೆ ಮರೆವಿಲ್ಲ, ಸಂಕೋಚವಿಲ್ಲ. ಜೊತೆಗೆ ಲೆಕ್ಕಕ್ಕೆ ಬೇಕಾದ ಮೂರೂ ಅದರ ಮೇಲೇ ಇರುತ್ತವೆ: ಘಟಕಗಳು, ತೂಕ, 100 ಗ್ರಾಂಗೆ ಎಷ್ಟು ಕಿಲೊಕ್ಯಾಲೊರಿ ಎಂಬುದು. ಒಂದು ಬಟ್ಟೆಯ ಚೀಲವನ್ನು ಅಡುಗೆಮನೆಯ ಬಾಗಿಲ ಹಿಂದೆ ನೇತುಹಾಕಿ, ಎರಡು ವಾರ ಬಿಸ್ಕತ್ತು, ಬ್ರೆಡ್ಡು, ನೂಡಲ್ಸು, ಚಿಪ್ಸು, ಸಾಸು, ಹಾಲಿಗೆ ಬೆರೆಸುವ ಪುಡಿ ಎಲ್ಲದರ ಖಾಲಿ ಪೊಟ್ಟಣವನ್ನೂ ಅದಕ್ಕೆ ಹಾಕಿ. ಶುರುವಿಗೇ ಅರ್ಧ ಖಾಲಿಯಾಗಿದ್ದ ಬಾಟಲಿ, ಡಬ್ಬಿಗಳ ಮೇಲೆ ಪೆನ್ನಿನಿಂದ ಗೆರೆ ಎಳೆದಿಡಿ.

ಘಟಕಗಳನ್ನು ಓದುವಾಗ ಸೇರ್ಪಡೆ ಪದಾರ್ಥಗಳ ಸಂಕೇತವಾಗಿ ಬರುವ ಅಂಕಿಗಳನ್ನು ಕಂಡು ಗಾಬರಿಯಾಗುವುದು ಬೇಡ. 500(ii) ಎಂದರೆ ಅಡುಗೆ ಸೋಡ, 330 ಎಂದರೆ ನಿಂಬೆ ಉಪ್ಪು. ಕೆಡದಂತೆ ಇಡುವ 211 ಒಂದೇ ಇದ್ದರೆ ಅದೊಂದರಿಂದಲೇ ಪದಾರ್ಥವನ್ನು ನಾಲ್ಕನೆಯ ಗುಂಪಿಗೆ ತಳ್ಳಬಾರದು. ಎಮಲ್ಸಿಫೈಯರ್ 471, ರುಚಿ ಹೆಚ್ಚಿಸುವ 627 ಮತ್ತು 631, ಕೃತಕ ಪರಿಮಳ, ಬಣ್ಣ, ಮಾಲ್ಟೋಡೆಕ್ಸ್‌ಟ್ರಿನ್ ಇವುಗಳಲ್ಲಿ ಒಂದು ಸಿಕ್ಕರೂ ನಾಲ್ಕನೆಯ ಗುಂಪಿನದೆಂದು ಪಕ್ಕಕ್ಕೆ ಎತ್ತಿಡಿ. ಅನುಮಾನ ಬಂದವನ್ನು ಮೂರನೆಯ ರಾಶಿ ಮಾಡಿ.

ಲೆಕ್ಕ ಹೇಗೆ ಎಂಬುದಕ್ಕೆ ನಾಲ್ವರ ಮನೆಯೊಂದರ ಒಂದು ವಾರವನ್ನು ಕಲ್ಪಿಸಿಕೊಳ್ಳಿ. ಬಿಸ್ಕತ್ತು 600 ಗ್ರಾಂ, 100 ಗ್ರಾಂಗೆ 450ರಂತೆ 2,700 ಕಿಲೊಕ್ಯಾಲೊರಿ. ನೂಡಲ್ಸ್ 280 ಗ್ರಾಂ, 430ರಂತೆ 1,204. ಬ್ರೆಡ್ 400 ಗ್ರಾಂ, 250ರಂತೆ 1,000. ಚಿಪ್ಸ್ 150 ಗ್ರಾಂ, 550ರಂತೆ 825. ಹಾಲಿಗೆ ಬೆರೆಸುವ ಪುಡಿ 200 ಗ್ರಾಂ, 380ರಂತೆ 760. ತಂಪು ಪಾನೀಯ ಒಂದೂವರೆ ಲೀಟರ್, 44ರಂತೆ 660. ಕೆಚಪ್ 100 ಗ್ರಾಂ, 120. ಒಟ್ಟು 7,269. ತಲಾ ದಿನಕ್ಕೆ 2,000 ಎಂದು ಹಿಡಿದರೆ ಮನೆಯ ವಾರದ ಅಂದಾಜು 56,000. ಪಾಲು ಶೇ 13. ಆ 56,000 ಎಂಬುದೇ ಅಂದಾಜು. ಅದು ಶೇ 10ರಷ್ಟು ಆಚೀಚೆ ಆದರೆ ಉತ್ತರ 12ರಿಂದ 14ರ ನಡುವೆ ಓಡಾಡುತ್ತದೆ. ಬ್ರೆಡ್ಡು ಮತ್ತು ಹಾಲಿಗೆ ಬೆರೆಸುವ ಪುಡಿ ಗಡಿಯವು ಎಂದು ಬಿಟ್ಟರೆ ಶೇ 10ಕ್ಕೆ ಇಳಿಯುತ್ತದೆ. ನೋಡಿ, ಒಟ್ಟು ಕ್ಯಾಲೊರಿಯ ಅಂದಾಜು ತಪ್ಪಿದ್ದಕ್ಕಿಂತ ವಿಂಗಡಣೆ ಬದಲಾದದ್ದೇ ಸಂಖ್ಯೆಯನ್ನು ಹೆಚ್ಚು ಅಲುಗಾಡಿಸಿತು. ಇನ್ನೊಂದು ತಮಾಷೆ ಇದೆ: ತಂಪು ಪಾನೀಯ ಈ ಕ್ಯಾಲೊರಿಯಲ್ಲಿ ಶೇ 9 ಮಾತ್ರ, ತೂಕದಲ್ಲಾದರೆ ಶೇ 46. ಸಕ್ಕರೆಯಿಲ್ಲದ ಬಾಟಲಿಗೆ ಬದಲಾಯಿಸಿದರೆ ಕ್ಯಾಲೊರಿಯ ಲೆಕ್ಕದಿಂದ ಅದು ಪೂರ್ತಿ ಮಾಯ, ತೂಕದ ಲೆಕ್ಕದಲ್ಲಿ ಅಲುಗಾಡುವುದಿಲ್ಲ. ಅದಕ್ಕೇ ಕೆಲವು ಅಧ್ಯಯನಗಳು ಪಾಲನ್ನು ಗ್ರಾಮಿನಲ್ಲೂ ಕೆಲವು ಕ್ಯಾಲೊರಿಯಲ್ಲೂ ಹೇಳುತ್ತವೆ, ಎರಡನ್ನೂ ಒಂದರ ಪಕ್ಕ ಒಂದಿಟ್ಟು ಹೋಲಿಸಲು ಬರುವುದಿಲ್ಲ.

ಬೇಕರಿಯಿಂದ ಕಟ್ಟಿಸಿಕೊಂಡು ಬಂದದ್ದು ಮತ್ತು ಹೊರಗೆ ತಿಂದದ್ದು ಚೀಲದಲ್ಲಿ ಇರುವುದಿಲ್ಲವಲ್ಲ. ಅವಕ್ಕೆ ಒಂದು ಚೀಟಿಯಲ್ಲಿ ಅಂದೇ ರಾತ್ರಿ ಹೆಸರು ಮತ್ತು ಎಷ್ಟು ಎಂದು ಬರೆದು ಅದೇ ಚೀಲಕ್ಕೆ ಹಾಕಿ. ಹಬ್ಬವಿರುವ ವಾರ, ನೆಂಟರು ಬಂದಿರುವ ವಾರ ಬೇಡ. ನಾಲ್ವರ ಸರಾಸರಿ ಶೇ 13 ಎಂದರೆ ಎಲ್ಲರೂ ಶೇ 13 ತಿಂದರು ಎಂದಲ್ಲ. ನೂಡಲ್ಸು, ಚಿಪ್ಸು, ಪಾನೀಯ ಮೂರೂ ಒಬ್ಬ ಮಗನ ಪಾಲಿಗೆ ಹೋಗಿರಬಹುದು. ಆದ್ದರಿಂದ ಪೊಟ್ಟಣವನ್ನು ಚೀಲಕ್ಕೆ ಹಾಕುವ ಮೊದಲು ತಿಂದವರ ಹೆಸರಿನ ಮೊದಲಕ್ಷರವನ್ನು ಅದರ ಮೇಲೆ ಬರೆಯಿಸಿ, ಹಂಚಿಕೊಂಡಿದ್ದರೆ ಎಲ್ಲರ ಅಕ್ಷರವನ್ನೂ.